ಗುಂಯ್‌ಗುಡುವ ಪೆಟ್ಟಿಗೆ, ಗೋಡೆಯ ಮೂರನೇ ತೂತು

ಅಂಬಾಗಿಲು ದಾಟಿದ ಬಸ್ಸು ಸಂತೆಕಟ್ಟೆಯಲ್ಲಿ ನಿಂತಾಗ ಇಳಿಯುವವರ ಕೈಯಲ್ಲಿ ಏನೇನಿರುತ್ತದೆ? ತರಕಾರಿ ಚೀಲ, ಕೊಡೆ, ಬುತ್ತಿ, ಮಕ್ಕಳ ಪುಸ್ತಕದ ಬ್ಯಾಗು. ಇವರ ನಡುವೆ ಒಬ್ಬ ಕಾಲೇಜು ಹುಡುಗ ಮರದ ಪೆಟ್ಟಿಗೆಯೊಂದಕ್ಕೆ ಉದ್ದನೆ ರೀಪು ತೂರಿಸಿ, ಅದರ ಮೇಲೆ ಮೂರು ಉಕ್ಕಿನ ತಂತಿ ಬಿಗಿದು, ಕಂಕುಳಲ್ಲಿ ಇಟ್ಟುಕೊಂಡು ಇಳಿದ ಎಂದಿಟ್ಟುಕೊಳ್ಳಿ. ಹೆಸರು ಯಾರದ್ದೂ ಆಗಬಹುದು, ಮನೆ ಕಲ್ಯಾಣಪುರದಲ್ಲೂ ಇರಬಹುದು, ನೇಜಾರಿನಲ್ಲೂ ಇರಬಹುದು. ಕಂಡಕ್ಟರು "ಎಂತದ್ದಾ ಅದು, ಇಲಿಬೋನಾ?" ಎಂದು ಕೇಳದೆ ಬಿಡಲಾರ. ಹುಡುಗ "ಗಿಟಾರು, ಅಣ್ಣ" ಅಂದರೆ ಬಸ್ಸಿಗೆ ಬಸ್ಸೇ ನಗುತ್ತದೆ.

ನಗುವ ವಿಷಯವಲ್ಲ. ಚುರುಟಿನ ಪೆಟ್ಟಿಗೆಯಿಂದ ಗಿಟಾರು ಮಾಡುವುದು ಅಮೆರಿಕದಲ್ಲಿ ನೂರೈವತ್ತು ವರ್ಷಕ್ಕೂ ಹಳೆಯ ಬಡವರ ಕಸುಬು. 1860ರ ದಶಕದ ತೆರಿಗೆ ಕಾನೂನಿನಿಂದಾಗಿ ಅಲ್ಲಿ ಚುರುಟನ್ನು ಪೆಟ್ಟಿಗೆಯಲ್ಲೇ ತುಂಬಿ ಮುದ್ರೆ ಹಚ್ಚಿ ಮಾರಬೇಕಾಯಿತು. ಖಾಲಿ ಪೆಟ್ಟಿಗೆ ಮನೆ ಮನೆಯಲ್ಲಿ ರಾಶಿ ಬಿತ್ತು. ದುಡ್ಡು ಕೊಟ್ಟು ವಾದ್ಯ ಕೊಳ್ಳಲಾಗದವರು ಅದಕ್ಕೇ ಕೋಲು ಸಿಕ್ಕಿಸಿ ತಂತಿ ಬಿಗಿದರು. ಅಲ್ಲಿನ ಅಂತರ್ಯುದ್ಧದ ಕಾಲದ ಸೈನಿಕರ ಬಿಡಾರದಲ್ಲಿ ಇಂಥ ಪೆಟ್ಟಿಗೆ ಪಿಟೀಲು ನುಡಿಸುವವನನ್ನು ಎಡ್ವಿನ್ ಫೋರ್ಬ್ಸ್ ಎಂಬ ಚಿತ್ರಕಾರ 1876ರಷ್ಟು ಹಿಂದೆಯೇ ಅಚ್ಚು ಹಾಕಿ ಬಿಟ್ಟಿದ್ದಾನೆ.

ನಮ್ಮದು ಬೀಡಿಯ ಸೀಮೆ. ಬೀಡಿಗೆ ಕಾಗದದ ಕಟ್ಟು ಸಾಕು, ಮರದ ಪೆಟ್ಟಿಗೆ ಯಾರೂ ಕೊಡುವುದಿಲ್ಲ. ಹಾಗಾಗಿ ಇಲ್ಲಿಯ ಹುಡುಗ ಪ್ಲೈವುಡ್ಡಿನ ತುಂಡು ಹುಡುಕಬೇಕು, ಇಲ್ಲವೇ ಗಲ್ಫಿನಿಂದ ಬಂದ ಬಿಸ್ಕತ್ತಿನ ತಗಡಿನ ಡಬ್ಬಿಗೆ ಕೈ ಹಾಕಬೇಕು. ಡಬ್ಬಿಗೆ ಕೈ ಹಾಕಿದರೆ ಅಮ್ಮನ ಬೈಗಳು ಬೇರೆ; ಅದರಲ್ಲಿ ಸೂಜಿ ದಾರ ಇರುತ್ತದೆ.

ವಾದ್ಯವೇನೋ ಆಯಿತು. ಸುಮ್ಮನೆ ಮೀಟಿದರೆ ಸೊಳ್ಳೆ ಪರದೆಯೊಳಗಿನ ಸದ್ದು. ಅದಕ್ಕೆ ಪಿಕಪ್ ಹಾಕಿ, ವಯರು ಎಳೆದು, ಆಂಪ್ಲಿಫಯರಿಗೆ ಚುಚ್ಚಿದ ಗಳಿಗೆಯಿಂದ ಶುರುವಾಗುವುದು ಆ ಇನ್ನೊಂದು ಸದ್ದು: ಗುಂಯ್‌ಯ್‌ಯ್.

ಬಿಳಿ ಐದರ ಶ್ರುತಿ

ಈ ಗುಂಯ್ ಸದ್ದು ಕರಾವಳಿಯಲ್ಲಿ ಕೇಳದವರಿಲ್ಲ. ಭಜನೆ ಶುರುವಾಗುವ ಮುಂಚೆ, ತಾಳಮದ್ದಳೆಯ ಮೈಕು ಪರೀಕ್ಷೆ ಮಾಡುವಾಗ, ಇಗರ್ಜಿಯ ಹಬ್ಬದಲ್ಲಿ ಹಾಡುವ ಮಕ್ಕಳು ಸಾಲಾಗಿ ನಿಂತಾಗ, ಹಿಂದಿನಿಂದ ಯಾರೋ ಸಣ್ಣಗೆ ಓಂಕಾರ ಹಾಕಿದಂತೆ ಅದು ಬರುತ್ತದೆ. ಮೈಕಿನವನು ಓಡಿ ಬಂದು ವಯರನ್ನು ಹಿಂಡುತ್ತಾನೆ, ತಿರುಚುತ್ತಾನೆ, ಪೆಟ್ಟಿಗೆಯ ತಲೆಗೊಂದು ಬಡಿಯುತ್ತಾನೆ. ಕೆಲವೊಮ್ಮೆ ನಿಲ್ಲುತ್ತದೆ, ಕೆಲವೊಮ್ಮೆ ಇಲ್ಲ.

ಅದು ಎಲ್ಲಿಯದು ಎಂದರೆ ಗೋಡೆಯದು. ನಮ್ಮ ಮನೆಗೆ ಬರುವ 230 ವೋಲ್ಟಿನ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತದೆ. ಆ ತೂಗಾಟವೇ ಸದ್ದಾಗಿ ಕೇಳುವುದು. ಹಾರ್ಮೋನಿಯಂ ಬಲ್ಲವರು ಬೇಕಾದರೆ ಹೊಂದಿಸಿ ನೋಡಬಹುದು: 50ರ ಸದ್ದೂ ಅದರ ಇಮ್ಮಡಿಯಾದ 100ರ ಸದ್ದೂ ಬಿಳಿ ಐದಕ್ಕಿಂತ ಒಂದೆಳೆ ಮೇಲೆ ನಿಲ್ಲುತ್ತವೆ. ಬಿಳಿ ಐದರಲ್ಲಿ ಹಾಡುವ ಭಾಗವತರಿಗೆ ಹೆಸ್ಕಾಂನವರೋ ಮೆಸ್ಕಾಂನವರೋ ಪುಕ್ಕಟೆ ಶ್ರುತಿ ಕೊಟ್ಟ ಹಾಗೆ, ಆದರೆ ಒಂದೆಳೆ ತಪ್ಪಿದ ಶ್ರುತಿ. ಅಮೆರಿಕದಲ್ಲಿ ಕರೆಂಟು ಸೆಕೆಂಡಿಗೆ 60 ಸಲ ತೂಗುವುದರಿಂದ ಅಲ್ಲಿಯ ಗುಂಯ್ ಕಪ್ಪು ಐದಕ್ಕೂ ಬಿಳಿ ಏಳಕ್ಕೂ ನಡುವೆ ಎಲ್ಲೋ ತ್ರಿಶಂಕುವಾಗಿದೆ.

ಈ ತೂಗಾಟ ವಯರಿನೊಳಗೇ ಇದ್ದರೆ ತೊಂದರೆ ಇರಲಿಲ್ಲ. ಗೋಡೆಯ ಪ್ರತಿಯೊಂದು ವಯರೂ ತನ್ನ ಸುತ್ತ ಅದನ್ನು ಚೆಲ್ಲುತ್ತಿರುತ್ತದೆ. ಕೋಣೆಯಲ್ಲಿ ಕೂತ ಮನುಷ್ಯನ ಮೈಯೂ ಅದನ್ನು ಹಿಡಿಯುತ್ತದೆ, ಥೇಟ್ ಹಳೇ ಟೀವಿಯ ಏರಿಯಲ್ಲಿನ ಹಾಗೆ. ಆ ಮನುಷ್ಯ ತನ್ನ ಮೈಯನ್ನು ಪೆಟ್ಟಿಗೆ ಗಿಟಾರಿನ ಹತ್ತಿರ ತಂದನೋ, ಅದರೊಳಗಿನ ಪಿಕಪ್ಪಿಗೆ ತಗುಲಿಸಿಬಿಡುತ್ತಾನೆ. ಪಿಕಪ್ಪಿನಲ್ಲಿ ಹುಟ್ಟುವ ಸಂಗೀತವಾದರೂ ಎಷ್ಟು? ವೋಲ್ಟಿನ ಸಣ್ಣ ಪಾಲು. ಅದನ್ನು ನೂರಾರು ಪಟ್ಟು ಹಿಗ್ಗಿಸುವ ಆಂಪ್ಲಿಫಯರು ಗುಂಯ್ ಸದ್ದನ್ನೂ ಅಷ್ಟೇ ಪ್ರೀತಿಯಿಂದ ಹಿಗ್ಗಿಸುತ್ತದೆ. ಅದಕ್ಕೆ ಪಂಕ್ತಿಭೇದ ಇಲ್ಲ.

ಹಿತ್ತಾಳೆ ಬಿಲ್ಲೆ, ಅಡುಗೆಮನೆಯ ಹಾಳೆ

ಪೆಟ್ಟಿಗೆ ಗಿಟಾರಿಗೆ ಹೆಚ್ಚಿನವರು ಹಾಕುವುದು ಪೀಜೋ ಬಿಲ್ಲೆ. ಅಲಾರಮ್ಮಿನ ಒಳಗೆ ಕೀಂ ಎನ್ನುವ ಎಂಟಾಣೆಯಷ್ಟಗಲದ ಹಿತ್ತಾಳೆ ಬಿಲ್ಲೆ ಇರುತ್ತದಲ್ಲ, ಅದೇ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೆಲವೇ ರೂಪಾಯಿ. ಹಿತ್ತಾಳೆಯ ಮೇಲೆ ನಡುವಿನಲ್ಲಿ ಬಿಳಿ ಪಿಂಗಾಣಿಯ ಚುಕ್ಕೆ. ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸಿದರೆ ಮರದ ಅದುರು ಕರೆಂಟಾಗುತ್ತದೆ.

ಮೊದಲ ತಪ್ಪು ಆಗುವುದು ಇಲ್ಲೇ. ಬಿಲ್ಲೆಗೆ ಎರಡು ವಯರು: ಒಂದು ಬಿಳಿ ಚುಕ್ಕೆಯಿಂದ, ಒಂದು ಹಿತ್ತಾಳೆಯ ಅಂಚಿನಿಂದ. ಚುಕ್ಕೆಯದ್ದು ಜಾಕಿನ ತುದಿಗೆ ಹೋಗಬೇಕು, ಹಿತ್ತಾಳೆಯದ್ದು ಜಾಕಿನ ಹೊರಗಿನ ತೋಳಿಗೆ. ಈ ತೋಳನ್ನೇ ಅರ್ತ್ ಎನ್ನುವುದು. ತಿರುಗಾ ಮುರುಗಾ ಬೆಸೆದರೂ ಗಿಟಾರು ನುಡಿಯುತ್ತದೆ, ಅದೇ ಮೋಸ. ನುಡಿಯುತ್ತದಲ್ಲ ಎಂದು ಹುಡುಗ ಪೆಟ್ಟಿಗೆ ಮುಚ್ಚಿ ಮೊಳೆ ಹೊಡೆಯುತ್ತಾನೆ. ಆದರೆ ಅಗಲವಾದ ಹಿತ್ತಾಳೆಯೇ ಈಗ ಏರಿಯಲ್ಲು. ಇಡೀ ಕೋಣೆಯ ಗುಂಯ್ ಅದರ ಮೇಲೆ ಬಂದು ಕೂರುತ್ತದೆ.

ಎರಡನೆಯದು ವಯರು. ಬಿಲ್ಲೆಯಿಂದ ಜಾಕಿಗೆ ಸಾಮಾನ್ಯ ಬಲ್ಬಿನ ವಯರು ಎಳೆಯುವವರುಂಟು. ಬೇಕಾದದ್ದು ಮೈಕಿನ ವಯರು: ನಡುವೆ ಒಂದು ಎಳೆ, ಸುತ್ತ ತಾಮ್ರದ ಬಲೆ. ಆ ಬಲೆ ಅರ್ತಿಗೆ ಸೇರಬೇಕು. ಬಲೆಗೆ ಬಿದ್ದ ಗುಂಯ್ ಒಳಗಿನ ಎಳೆಗೆ ಮುಟ್ಟದೆ ನೆಟ್ಟಗೆ ಅರ್ತಿಗೆ ಇಳಿದುಹೋಗುತ್ತದೆ. ವಯರು ಗಿಡ್ಡ ಇದ್ದಷ್ಟೂ ಒಳ್ಳೆಯದು. ಪೆಟ್ಟಿಗೆಯೊಳಗೆ ಗೇಣುದ್ದ ಸಾಕಾದಲ್ಲಿ ಮೊಳದುದ್ದ ಸುತ್ತಿ ಇಡಬಾರದು.

ಮೂರನೆಯದು ಪೆಟ್ಟಿಗೆಯ ಒಳಮೈ. ವಯರಿಗೆ ಬಲೆ ಇದ್ದ ಹಾಗೆ ಬಿಲ್ಲೆಯ ಸುತ್ತಲೂ ಒಂದು ಬಲೆ ಬೇಕು. ತಾಮ್ರದ ಅಂಟುಪಟ್ಟಿ ಸಿಕ್ಕಿದರೆ ಅದು ಶ್ರೇಷ್ಠ, ಬೆಸುಗೆ ಹಿಡಿಯುತ್ತದೆ. ಸಿಗದಿದ್ದರೆ ಚಪಾತಿ ಸುತ್ತುವ ಅಲ್ಯುಮಿನಿಯಂ ಹಾಳೆಯೂ ನಡೆಯುತ್ತದೆ. ಅಲ್ಯುಮಿನಿಯಮ್ಮಿಗೆ ಮಾಮೂಲಿ ಬೆಸುಗೆ ಹಿಡಿಯದು. ಒಂದು ಸ್ಕ್ರೂ, ಒಂದು ವಾಷರು ಹಾಕಿ ಅದರಡಿ ಅರ್ತ್ ವಯರನ್ನು ಒತ್ತಿ ಬಿಗಿಯಬೇಕು. ಹಾಳೆಯ ಒಂದು ತುಂಡಿಗೂ ಇನ್ನೊಂದಕ್ಕೂ ಸಂಪರ್ಕ ಇದೆಯೇ ಎಂದು ಮೀಟರಿನಲ್ಲಿ ನೋಡಬೇಕು. ಅಂಟು ಬಳಿದು ಒಂದರ ಮೇಲೊಂದು ಅಂಟಿಸಿದರೆ ನಡುವೆ ಅಂಟು ಕೂತು ಸಂಪರ್ಕವೇ ಇರುವುದಿಲ್ಲ. ಅರ್ತಿಗೆ ಸೇರದ ಹಾಳೆ ಬರೇ ಅಲಂಕಾರ. ಕೆಲವೊಮ್ಮೆ ಹಾಳೆ ಇಲ್ಲದಿದ್ದಾಗಿಗಿಂತ ಹೆಚ್ಚು ಗುಂಯ್ ತರುತ್ತದೆ.

ಬಿಸ್ಕತ್ತು ಡಬ್ಬಿಯವನಿಗೆ ಈ ಕಷ್ಟವಿಲ್ಲ. ತಗಡೇ ಬಲೆ. ಒಳಗಿನ ಬಣ್ಣವನ್ನೋ ಮೆರುಗೆಣ್ಣೆಯನ್ನೋ ಒಂದು ಕಡೆ ಕೆರೆದು ಅರ್ತ್ ವಯರು ಬೆಸೆದರೆ ಮುಗಿಯಿತು. ಈ ತಗಡಿನ ಡಬ್ಬಿಯ ವಿಷಯ ನೆನಪಿನಲ್ಲಿರಲಿ, ಮುಂದೆ ಮತ್ತೆ ಬರುತ್ತದೆ.

ಇನ್ನು ಕೆಲವರು ಬಿಲ್ಲೆಯ ಬದಲು ಅಯಸ್ಕಾಂತದ ಸುತ್ತ ಕೂದಲಿನಂಥ ತಾಮ್ರದ ತಂತಿಯನ್ನು ಸಾವಿರಗಟ್ಟಲೆ ಸುತ್ತು ಸುತ್ತಿ ಕಾಯಿಲ್ ಪಿಕಪ್ ಮಾಡುತ್ತಾರೆ. ಅದಕ್ಕೆ ಬರುವ ಗುಂಯ್‌ನ ಒಂದು ಪಾಲು ಯಾವ ಹಾಳೆಗೂ ಬಗ್ಗುವುದಿಲ್ಲ, ಏಕೆಂದರೆ ಅದು ಟ್ರಾನ್ಸ್‌ಫಾರ್ಮರು, ಹಳೇ ಟ್ಯೂಬ್‌ಲೈಟಿನ ಚೋಕು ಇಂಥವುಗಳ ಅಯಸ್ಕಾಂತ ಶಕ್ತಿಯಿಂದ ಬರುವುದು. ಅಲ್ಯುಮಿನಿಯಂ ಹಾಳೆಯನ್ನು ಅದು ಲೆಕ್ಕಕ್ಕೇ ಇಡುವುದಿಲ್ಲ. ಇದಕ್ಕೆ ಮದ್ದು ಕಂಡುಹಿಡಿದವನು ಗಿಬ್ಸನ್ ಕಂಪೆನಿಯ ಸೇತ್ ಲವರ್ ಎಂಬ ಎಂಜಿನಿಯರು, 1955ರಲ್ಲಿ. ಎರಡು ಕಾಯಿಲ್ ಪಕ್ಕ ಪಕ್ಕ ಇಟ್ಟು, ಒಂದರ ಸುತ್ತೂ ಅಯಸ್ಕಾಂತವೂ ಇನ್ನೊಂದಕ್ಕೆ ತಿರುಗಾ ಇರುವಂತೆ ಮಾಡಿದ. ಹೊರಗಿನಿಂದ ಬಂದ ಗುಂಯ್ ಎರಡರಲ್ಲೂ ಎದುರುಬದುರಾಗಿ ಹುಟ್ಟಿ ಒಂದನ್ನೊಂದು ಹೊಡೆದುಹಾಕುತ್ತದೆ; ತಂತಿಯ ನಾದ ಮಾತ್ರ ಎರಡರಲ್ಲೂ ಕೂಡಿ ಬರುತ್ತದೆ. ಬಗ್ಗದ ಎರಡು ಕೋಣಗಳನ್ನು ಕಟ್ಟಿ ಒಂದೇ ನೇಗಿಲು ಎಳೆಸಿದ ಹಾಗೆ.

ಮುಟ್ಟಿದರೆ ನಿಲ್ಲುತ್ತದೆ, ಬಿಟ್ಟರೆ ಬರುತ್ತದೆ

ಇಷ್ಟೆಲ್ಲ ಮಾಡಿದ ಮೇಲೂ ನಮ್ಮ ಹುಡುಗನಿಗೆ ಒಂದು ವಿಚಿತ್ರ ಕಾಣುತ್ತದೆ. ಜಾಕಿನ ಲೋಹವನ್ನು ಬೆರಳಲ್ಲಿ ಮುಟ್ಟಿದರೆ ಗುಂಯ್ ತಗ್ಗುತ್ತದೆ. ಬಿಟ್ಟರೆ ಮತ್ತೆ ಶುರು. ಅಂದರೆ ಈಗ ಉಳಿದಿರುವ ಏರಿಯಲ್ಲು ಹುಡುಗನ ಮೈಯೇ. ಮುಟ್ಟಿದಾಗ ಮೈ ಅರ್ತಿಗೆ ಸೇರುತ್ತದೆ, ಸುಮ್ಮನಾಗುತ್ತದೆ.

ನುಡಿಸುವಾಗ ಒಂದು ಕೈ ಜಾಕು ಹಿಡಿದುಕೊಂಡು ಕೂರಲಿಕ್ಕಾಗುತ್ತದೆಯೇ? ಅದಕ್ಕೇ ಗಿಟಾರು ಮಾಡುವವರೆಲ್ಲ ತಂತಿಗಳನ್ನೇ ಅರ್ತಿಗೆ ಸೇರಿಸುತ್ತಾರೆ. ತಂತಿಗಳ ಬುಡ ಪೆಟ್ಟಿಗೆಯ ಹಿಂಬದಿಯಲ್ಲಿ ಯಾವ ಬೋಲ್ಟಿಗೋ ತಗಡಿಗೋ ಬಿಗಿದಿರುತ್ತದಲ್ಲ, ಅಲ್ಲಿಂದ ಒಂದು ವಯರು ಜಾಕಿನ ತೋಳಿಗೆ. ತಂತಿ ಉಕ್ಕಿನದ್ದಾಗಿರಬೇಕು, ಮೀನು ಗಾಳದ ನೈಲಾನಿನಲ್ಲಿ ಈ ಆಟ ನಡೆಯದು. ನುಡಿಸುವವನ ಬೆರಳು ಸದಾ ತಂತಿಯ ಮೇಲೆ, ಮೈ ಸದಾ ಅರ್ತಿನಲ್ಲಿ, ಗುಂಯ್ ನಿಶ್ಶಬ್ದ. ಎರಡು ರೂಪಾಯಿಯ ವಯರಿನಲ್ಲಿ ಇಷ್ಟು ಕೆಲಸ. ತಂತಿ ಮುಟ್ಟಿದಾಗ ಗುಂಯ್ ತಗ್ಗುವ ಬದಲು ಹೆಚ್ಚಿತೋ, ಎಲ್ಲೋ ಅರ್ತ್ ತುಂಡಾಗಿದೆ ಅಥವಾ ಜಾಕಿನಲ್ಲಿ ತುದಿ–ತೋಳು ಅದಲುಬದಲಾಗಿದೆ ಎಂದೇ ಅರ್ಥ.

ಇಲ್ಲಿಗೆ ಕತೆ ಮುಗಿಯಬಹುದಿತ್ತು. ಆದರೆ ಹುಡುಗ ಈಗ ತನ್ನ ಹತ್ತು ಬೆರಳನ್ನೂ ಆಂಪ್ಲಿಫಯರಿನ ತಗಡಿನ ಮೈಗೆ ವಯರು ಎಳೆದು ಕಟ್ಟಿಕೊಂಡಿದ್ದಾನೆ. ಆ ತಗಡಿನ ಮೈ ಗೋಡೆಯ ಮೂರನೇ ತೂತಿಗೆ ಸೇರಿದೆ. ಆ ತೂತು ಎಲ್ಲಿಗೆ ಸೇರಿದೆ?

"ಗೋಡೆ ನೋಡುವ ಮೊದ್ಲು"

ಊರಿನ ವಯರಿಂಗಿನ ಅಣ್ಣನನ್ನು ಕರೆದರೆ ಅವನು ಗಿಟಾರಿನ ಕಡೆ ತಿರುಗಿಯೂ ನೋಡುವುದಿಲ್ಲ.

"ನಿನ್ನ ಪೆಟ್ಟಿಗೆ ಬಿಡಾ ಮಾರಾಯ, ಗೋಡೆ ನೋಡುವ ಮೊದ್ಲು. ಅರ್ತಿಂಗ್ ಉಂಟಾ ಮನೆಗೆ?"

"ಉಂಟಣ್ಣ. ಮೂರು ತೂತು ಉಂಟಲ್ಲ."

"ತೂತು ಉಂಟು. ಒಳಗೆ ವಯರು ಉಂಟಾ ಕೇಳಿದ್ದು."

ಈ ಪ್ರಶ್ನೆಗೆ ನಮ್ಮ ಎಷ್ಟೋ ಮನೆ, ಎಷ್ಟೋ ಅಂಗಡಿಗಳಲ್ಲಿ ಉತ್ತರವಿಲ್ಲ. ತ್ರೀ ಪಿನ್ನಿನ ಮೇಲಿನ ದಪ್ಪ ಪಿನ್ನು ಅರ್ತಿನದ್ದು. ಅದು ಉಳಿದೆರಡಕ್ಕಿಂತ ಉದ್ದ ಇರುವುದೂ ಸುಮ್ಮನಲ್ಲ. ಚುಚ್ಚುವಾಗ ಅದು ಮೊದಲು ತಾಗಬೇಕು, ಕೀಳುವಾಗ ಕೊನೆಗೆ ಬಿಡಬೇಕು. ಆದರೆ ಸಾಕೆಟ್ಟಿನ ಹಿಂದೆ ಆ ತೂತಿಗೆ ವಯರೇ ಕೊಡದ ಹಳೇ ಮನೆಗಳುಂಟು. ಅದಕ್ಕಿಂತ ಕೇಡು, ವಯರು ಉಳಿಸಲು ಅದನ್ನು ಪಕ್ಕದ ನ್ಯೂಟ್ರಲ್ಲಿಗೇ ಗಿಡ್ಡ ತುಂಡಿನಿಂದ ಜೋಡಿಸಿಟ್ಟ ಜಾಣರೂ ಉಂಟು. ನ್ಯೂಟ್ರಲ್ ವಯರು ಎಲ್ಲಾದರೂ ತುಂಡಾದ ದಿನ, ಆ ಬೋರ್ಡಿಗೆ ಚುಚ್ಚಿದ ಫ್ರಿಜ್ಜು, ಇಸ್ತ್ರಿಪೆಟ್ಟಿಗೆ, ಆಂಪ್ಲಿಫಯರು ಎಲ್ಲದರ ಮೈಗೂ 230 ವೋಲ್ಟು ಬಂದು ಕೂರುತ್ತದೆ. ಹಿಂದೆ ಕಬ್ಬಿಣದ ನೀರಿನ ಪೈಪಿಗೆ ಅರ್ತ್ ಕಟ್ಟುವ ರೂಢಿಯೂ ಇತ್ತು. ಈಗ ಪೈಪೆಲ್ಲ ಪ್ಲಾಸ್ಟಿಕ್ಕು. ವಯರು ಕಟ್ಟಿದ್ದು ಕಾಣುತ್ತದೆ, ಭೂಮಿಗೆ ಹೋಗುವುದಿಲ್ಲ.

ಸರಿ, ಗುಂಡಿ ತೋಡಿ ಅರ್ತಿಂಗ್ ಮಾಡಿಸಿದ ಮನೆ ಎಂದೇ ಇಟ್ಟುಕೊಳ್ಳಿ. ಅರ್ತಿಂಗಿಗೆಂದೇ ಬರೆದ ಭಾರತೀಯ ಮಾನಕ 3043 ಎರಡೂವರೆ ಮೀಟರ್ ಉದ್ದದ ಪೈಪು ಹೂಳಲು ಹೇಳುತ್ತದೆ. ನಮ್ಮಲ್ಲಿ ಪೈಪಿನ ಸುತ್ತ ಇದ್ದಿಲು, ಉಪ್ಪು ತುಂಬುವುದು ರೂಢಿ. ಮಳೆಗಾಲದಲ್ಲಿ ಅದರ ಬಗ್ಗೆ ದೂರಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರಿದು; ಆಟಿಯಲ್ಲಿ ನೆಲವೆಲ್ಲ ನೀರು. ಕಷ್ಟ ಬರುವುದು ಬಿಸು ಹಬ್ಬದ ಹೊತ್ತಿಗೆ. ನಮ್ಮ ಮುರಕಲ್ಲಿನ ನೆಲ ನೀರನ್ನು ಬಹಳ ಕಾಲ ಹಿಡಿದಿಡುವುದಿಲ್ಲ. ಒಣಗಿದ ಮುರಕಲ್ಲು ಕರೆಂಟಿಗೆ ದಾರಿ ಬಿಡುವುದಿಲ್ಲ. ಜಾತ್ರೆ, ಕೋಲ, ಮದುವೆ, ಆಟ, ಮೈಕು ಎಲ್ಲ ಇರುವುದೂ ಅದೇ ತಿಂಗಳುಗಳಲ್ಲಿ.

ಈಗ ಒಂದು ಸಣ್ಣ ಲೆಕ್ಕ. ಅಂಗಡಿ ಲೆಕ್ಕಕ್ಕಿಂತ ಕಷ್ಟವೇನಿಲ್ಲ. ಒಣಗಿದ ಗುಂಡಿಯ ತಡೆ 100 ಓಮ್‌ಗೆ ಏರಿದೆ ಎಂದಿರಲಿ. ಆಂಪ್ಲಿಫಯರಿನೊಳಗೆ ಇಲಿ ವಯರು ಕಡಿದು ಫೇಸು ಅದರ ತಗಡಿನ ಮೈಗೆ ತಾಗಿತು. 230ನ್ನು 100ರಿಂದ ಭಾಗಿಸಿದರೆ ಭೂಮಿಗೆ ಹರಿಯುವ ಕರೆಂಟು 2.3 ಆಂಪಿಯರು. ಬೋರ್ಡಿನಲ್ಲಿರುವ ಎಂ.ಸಿ.ಬಿ. 16 ಆಂಪಿಯರಿನದ್ದು. ಅದರ ಪಾಲಿಗೆ 2.3 ಅಂದರೆ ಒಂದು ಸಣ್ಣ ಇಸ್ತ್ರಿಪೆಟ್ಟಿಗೆ. ಅದು ಬೀಳುವುದೇ ಇಲ್ಲ. ಆಂಪ್ಲಿಫಯರಿನ ಮೈ ಹೆಚ್ಚುಕಡಿಮೆ ಪೂರಾ 230 ವೋಲ್ಟಿನಲ್ಲಿ ಕೂತೇ ಇರುತ್ತದೆ. ಅದಕ್ಕೆ ಜೋಡಿಸಿದ ಜಾಕಿನ ತೋಳು, ತೋಳಿಗೆ ಜೋಡಿಸಿದ ತಂತಿ, ತಂತಿಯ ಮೇಲೆ ಬೆರಳು. ಡಬ್ಬಿ ಗಿಟಾರಾದರೆ ಇಡೀ ಡಬ್ಬಿಯೇ ತೊಡೆಯ ಮೇಲಿದೆ.

ಮನುಷ್ಯನಿಗೆ ಕೊಲ್ಲಲು ಆಂಪಿಯರುಗಟ್ಟಲೆ ಬೇಕಿಲ್ಲ. ಆಂಪಿಯರಿನ ಸಾವಿರದಲ್ಲೊಂದು ಪಾಲು ಹರಿದರೆ ಜುಂ ಎನ್ನುತ್ತದೆ. ಹತ್ತು ಪಾಲು ದಾಟಿದರೆ ಹಿಡಿದ ಕೈ ಬಿಡಲಿಕ್ಕಾಗುವುದಿಲ್ಲ. ನೂರು ಪಾಲು ಎದೆಯ ಮೂಲಕ ಹಾದರೆ ಹೃದಯದ ತಾಳ ತಪ್ಪುತ್ತದೆ.

ಇದು ಹೆದರಿಸಲು ಹೇಳುವ ಮಾತಲ್ಲ. 1972ರ ಮೇ 3ರಂದು ಬ್ರಿಟನ್ನಿನ ವೇಲ್ಸ್ ಸೀಮೆಯ ಸ್ವಾನ್ಸಿ ಎಂಬ ಊರಿನಲ್ಲಿ 'ಸ್ಟೋನ್ ದ ಕ್ರೋಸ್' ತಂಡದ ಕಾರ್ಯಕ್ರಮ. ಗಿಟಾರಿನ ಲೆಸ್ ಹಾರ್ವಿಗೆ 27 ವರ್ಷ. ಒಂದು ಕೈ ಗಿಟಾರಿನ ತಂತಿಯ ಮೇಲಿತ್ತು, ಇನ್ನೊಂದು ಕೈ ಅರ್ತ್ ಸರಿಯಿಲ್ಲದ ಮೈಕಿಗೆ ತಾಗಿತು. ವೇದಿಕೆಯಲ್ಲೇ ಜೀವ ಹೋಯಿತು. ತಂತಿ ಒಂದು ಕಡೆಯ ಅರ್ತಿನಲ್ಲಿ, ಮೈಕು ಇನ್ನೊಂದು ಕಡೆ. ನಡುವಿನ ದಾರಿ ಮನುಷ್ಯನ ಎದೆ. ಹಾಡುತ್ತ ನುಡಿಸುವವರಿಗೆಲ್ಲ ಈ ದಾರಿ ಸದಾ ತೆರೆದೇ ಇರುತ್ತದೆ. ನಮ್ಮ ಭಜನೆ ಮನೆಯಲ್ಲಿ ಹಾರ್ಮೋನಿಯಂ ಮರದ್ದು, ಅದರ ಪುಣ್ಯ. ಮೈಕಿನ ಸ್ಟ್ಯಾಂಡು ಮರದ್ದಲ್ಲ.

ಪಿನ್ನು ಮುರಿಯುವ ವಿದ್ಯೆ

ಮೈಕಿನ ಕಸುಬಿನಲ್ಲಿ ಒಂದು ಹಳೇ ಕಳ್ಳದಾರಿ ಉಂಟು. ಗುಂಯ್ ನಿಲ್ಲದಿದ್ದರೆ ಪ್ಲಗ್ಗಿನ ಮೂರನೇ ಪಿನ್ನು ಕಳಚುವುದು. ಚಕ್ಕನೆ ನಿಲ್ಲುತ್ತದೆ, ಜನ ಶಹಬ್ಬಾಸ್ ಎನ್ನುತ್ತಾರೆ.

ನಿಲ್ಲುವುದೇಕೆ ಎಂದರೆ, ಮಿಕ್ಸರನ್ನು ಎದುರಿನ ಕೋಣೆಯ ಬೋರ್ಡಿಗೂ ಆಂಪ್ಲಿಫಯರನ್ನು ಹಿಂದಿನ ಕೋಣೆಯ ಬೋರ್ಡಿಗೂ ಚುಚ್ಚಿರುತ್ತಾರೆ. ಎರಡಕ್ಕೂ ಅರ್ತ್ ಉಂಟು. ಎರಡರ ನಡುವಿನ ಸದ್ದಿನ ವಯರಿನ ಬಲೆಯೂ ಅರ್ತೇ. ಹೀಗೆ ಅರ್ತಿನದ್ದೇ ಒಂದು ದೊಡ್ಡ ಉಂಗುರವಾಗಿ, ಅದರಲ್ಲಿ ಗುಂಯ್ ಸುತ್ತು ಹೊಡೆಯುತ್ತದೆ. ಪಿನ್ನು ಕಿತ್ತರೆ ಉಂಗುರ ಕಡಿಯಿತು, ಅದರ ಜೊತೆಗೆ ರಕ್ಷಣೆಯೂ ಹೋಯಿತು. ಸರಿಯಾದ ದಾರಿ ಬಹಳ ಸುಲಭ: ಎರಡನ್ನೂ ಒಂದೇ ಬೋರ್ಡಿಗೆ ಚುಚ್ಚಿ. ಉದ್ದನೆ ಎಕ್ಸ್‌ಟೆನ್ಷನ್ ಬೇಕಾಗಬಹುದು, ಅಷ್ಟೇ. ಅದೂ ಆಗದಿದ್ದರೆ ಡಿ.ಐ. ಬಾಕ್ಸ್ ಎಂಬುದು ಸಿಗುತ್ತದೆ. ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರು ಇರುವಂಥದ್ದನ್ನು ತಂದರೆ ಅದು ಸದ್ದಿನ ವಯರಿನಲ್ಲಿ ಮಾತ್ರ ಉಂಗುರವನ್ನು ಕಡಿಯುತ್ತದೆ, ಗೋಡೆಯ ಪಿನ್ನಿಗೆ ಕೈ ಹಾಕುವುದಿಲ್ಲ.

ಎರಡು ಪಿನ್ನಿನ ಚಾರ್ಜರಿನ ಕತೆ ಬೇರೆ. ಲ್ಯಾಪ್‌ಟಾಪಿಗೋ ಸಣ್ಣ ಆಂಪ್ಲಿಫಯರಿಗೋ ಅಂಥ ಚಾರ್ಜರು ಹಾಕಿದರೆ ಲೋಹ ಮುಟ್ಟಿದಾಗ ಬೆರಳಿಗೆ ಇರುವೆ ಹರಿದಂತೆ ಜುಂ ಜುಂ. ಚಾರ್ಜರಿನೊಳಗಿನ ಸಣ್ಣ ಕೆಪಾಸಿಟರಿನಿಂದ ಜಿನುಗುವ ಕರೆಂಟು ಅದು. ಸರಿಯಾದ ಚಾರ್ಜರಿನಲ್ಲಿ ಜೀವಕ್ಕೆ ಕುತ್ತಿಲ್ಲ, ಆದರೆ ಗುಂಯ್‌ಗೆ ಅದು ತವರುಮನೆ. ಚಾರ್ಜರು ಕಿತ್ತು ಬ್ಯಾಟರಿಯಲ್ಲಿ ನಡೆಸಿದಾಗ ಸದ್ದು ನಿಂತರೆ ಕಳ್ಳ ಯಾರೆಂದು ಗೊತ್ತಾಯಿತು.

ವಯರಿಂಗಿನ ಅಣ್ಣ ಗುಂಡಿ ನೋಡಲಿಕ್ಕೆ ಏನು ಮಾಡುತ್ತಾನೆ? ಕೆಲವರು ಫೇಸಿಗೂ ಅರ್ತಿಗೂ ನಡುವೆ 100 ವಾಟಿನ ಬಲ್ಬು ಕೊಟ್ಟು, ಉರಿದರೆ "ಅರ್ತ್ ಫಸ್ಟ್ ಕ್ಲಾಸ್" ಎಂದು ಹೊರಡುತ್ತಾರೆ. ಉರಿಯುವ ಆ ಬಲ್ಬಿನ ತಡೆಯೇ ಐನೂರು ಓಮ್ ಮೇಲಿದೆ. ಗುಂಡಿಯ ತಡೆ 100 ಇದ್ದರೂ ಬಲ್ಬು ಉರಿಯುತ್ತದೆ, ಸ್ವಲ್ಪ ಮಂಕಾಗಿ. ಕೋಣೆಯ ಬೆಳಕಿನಲ್ಲಿ ಆ ಮಂಕು ಯಾರಿಗೆ ತಿಳಿಯುತ್ತದೆ? ತಿಳಿದವನು ಅರ್ತ್ ಟೆಸ್ಟರ್ ತಂದು, ನೆಲದಲ್ಲಿ ಗೂಟ ಹೊಡೆದು, ಓಮ್ ಎಷ್ಟೆಂದು ಓದಿ ಹೇಳುತ್ತಾನೆ. ಅಂಥವನನ್ನೇ ಕರೆಯಬೇಕು. ಸ್ವಂತಕ್ಕೆ ಬಲ್ಬು ಹಿಡಿದು ಪ್ರಯೋಗಕ್ಕೆ ಇಳಿಯುವುದು ಬೇಡವೇ ಬೇಡ.

"ಗುಂಡಿ ಎಷ್ಟು ಒಳ್ಳೇದಿದ್ರೂ ಇ.ಎಲ್.ಸಿ.ಬಿ. ಒಂದು ಹಾಕ್ಲೇಬೇಕು," ಎನ್ನುತ್ತಾನೆ ಅಣ್ಣ. "ನಿನ್ನ ಹಬ್ಬದ ಬಟ್ಟೆಯ ದುಡ್ಡು ಹೋಗ್ತದೆ, ಹೋಗ್ಲಿ."

ಈಗ ಆರ್.ಸಿ.ಸಿ.ಬಿ. ಎಂದೂ ಕರೆಯುವ ಈ ಸ್ವಿಚ್ಚು ಎಂ.ಸಿ.ಬಿ.ಯ ಹಾಗೆ ಆಂಪಿಯರಿಗೆ ಕಾಯುವುದಿಲ್ಲ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಅಷ್ಟೇ ಮರಳಿ ಬಂತೇ ಎಂದು ಸದಾ ಲೆಕ್ಕ ನೋಡುತ್ತಿರುತ್ತದೆ. ಸಾವಿರದ ಮೂವತ್ತು ಪಾಲು ಆಂಪಿಯರು, ಅಂದರೆ 30 ಮಿಲಿಆಂಪಿಯರು, ಲೆಕ್ಕಕ್ಕೆ ಸಿಗದೆ ಬೇರೆ ದಾರಿಯಲ್ಲಿ ಹೋಯಿತೆಂದರೆ ಕಣ್ಣು ಮಿಟುಕಿಸುವುದರೊಳಗೆ ಬಿದ್ದುಬಿಡುತ್ತದೆ. ಮೇಲಿನ ಲೆಕ್ಕದ 2.3 ಆಂಪಿಯರು ಅದಕ್ಕೆ ಎಪ್ಪತ್ತು ಪಟ್ಟಿಗೂ ಮಿಕ್ಕಿದ ಕಳ್ಳತನ. ಗಲ್ಲಾಪೆಟ್ಟಿಗೆ ಬಲ್ಲವರಿಗೆ ಇದಕ್ಕಿಂತ ಹೆಚ್ಚು ವಿವರಿಸುವುದು ಬೇಕಿಲ್ಲ. ಅದರ ಮೇಲೆ 'ಟಿ' ಎಂಬ ಗುಂಡಿ ಇರುತ್ತದೆ. ಆಗಾಗ ಒತ್ತಿ ನೋಡಬೇಕು, ಬೀಳದಿದ್ದರೆ ಅದು ಸತ್ತಿದೆ.

ಗಿಟಾರಿನ ಒಳಗೂ ಒಂದು ಕಾವಲು ಇಡಬಹುದು. ತಂತಿಯಿಂದ ಜಾಕಿಗೆ ಹೋಗುವ ಆ ಎರಡು ರೂಪಾಯಿಯ ವಯರನ್ನು ನೇರ ಬೆಸೆಯದೆ, ನಡುವೆ 2 ಲಕ್ಷ 20 ಸಾವಿರ ಓಮ್‌ನ ಒಂದು ರೆಸಿಸ್ಟರು, ಅದಕ್ಕೆ ಪಕ್ಕಗೂಡಿ 500 ವೋಲ್ಟಿಗೆ ಕಡಿಮೆಯಿಲ್ಲದ 0.001 ಮೈಕ್ರೋಫ್ಯಾರಡ್ಡಿನ ಒಂದು ಕೆಪಾಸಿಟರು ಹಾಕುವುದು. ಗುಂಯ್ ತಗ್ಗುವ ಗುಣ ಬಹುಮಟ್ಟಿಗೆ ಉಳಿಯುತ್ತದೆ. ಆಂಪ್ಲಿಫಯರಿನ ಮೈಗೆ ಪೂರಾ 230 ಬಂದರೂ ತಂತಿಯ ಮೂಲಕ ಹರಿಯುವುದು ಸುಮಾರು 1 ಮಿಲಿಆಂಪಿಯರು, ಬರೇ ಜುಂ. ಆದರೆ ಇದು ಮರದ ಪೆಟ್ಟಿಗೆಗೆ ಮಾತ್ರ ಆಗುವ ಮಾತು. ತಗಡಿನ ಡಬ್ಬಿಯಲ್ಲಿ ಮೈಯೆಲ್ಲ ಅರ್ತಿಗೆ ನೇರ ಬೆಸೆದಿರುವಾಗ ತಂತಿಗೆ ಮಾತ್ರ ಕಾವಲಿಟ್ಟು ಏನು ಪ್ರಯೋಜನ? ಹಿತ್ತಿಲ ಬಾಗಿಲು ತೆರೆದಿಟ್ಟು ಎದುರಿಗೆ ಬೀಗ ಹಾಕಿದ ಹಾಗೆ. ಡಬ್ಬಿಯವನಿಗೆ ಬ್ಯಾಟರಿಯ ಸಣ್ಣ ಆಂಪ್ಲಿಫಯರೇ ಮೇಲು. ಗೋಡೆಯ ಸಂಬಂಧವೇ ಇಲ್ಲ, ಸದ್ದು ಸಾಲದು ಎಂಬುದು ಬಿಟ್ಟರೆ ಬೇರೆ ದೂರಿಲ್ಲ.

ನಮ್ಮ ಹುಡುಗನದ್ದು ಮರದ ಪೆಟ್ಟಿಗೆ ಎಂದು ಮೊದಲೇ ಹೇಳಿಯಾಗಿದೆ. ಬಿಲ್ಲೆಯ ವಯರು ತಿರುಗಿಸಿ ಬೆಸೆದ, ಒಳಗೆ ಹಾಳೆ ಹಚ್ಚಿದ, ತಂತಿಗೆ ರೆಸಿಸ್ಟರು ಹಾಕಿದ. ಗೋಡೆಯೊಳಗೆ ಹೊಸ ಅರ್ತ್ ವಯರು ಬಂತು, ಅಂಗಳದ ಮೂಲೆಯಲ್ಲಿ ಗುಂಡಿ ಬಂತು, ಬೋರ್ಡಿನಲ್ಲಿ ಇ.ಎಲ್.ಸಿ.ಬಿ. ಕೂತಿತು. ಸ್ವಿಚ್ಚು ಹಾಕಿದರೆ ಮೊದಲಿನ ಗುಂಯ್ ಇಲ್ಲ. ಕಿವಿ ಹತ್ತಿರ ಇಟ್ಟರೆ ಮಾತ್ರ ಸಣ್ಣಗೆ ಜಿರ್ ಎಂಬ ಸದ್ದು.

"ಅದು ಫ್ಯಾನಿನ ರೆಗ್ಯುಲೇಟರು," ಎನ್ನುತ್ತಾನೆ ಅಣ್ಣ, ಟೆಸ್ಟರು ಕಿಸೆಗೆ ಹಾಕುತ್ತ. "ಫುಲ್ ಸ್ಪೀಡಿಗೆ ಇಡು, ಇಲ್ಲಾಂದ್ರೆ ಬಂದ್ ಮಾಡಿ ಬೆವರ್ತಾ ಬಾರ್ಸು. ಮತ್ತೆ, ಮಾರ್ಚಿಂದ ಆ ಗುಂಡಿಗೆ ದಿನಾ ಒಂದು ಕೊಡ ನೀರು. ಅಮ್ಮನತ್ರ ಹೇಳ್ಬೇಡ, ನೀನೇ ಹಾಕು."